ಮನೆ ತುಂಬ ಮೊಮ್ಮಕ್ಕಳಿರುವ ಅಜ್ಜಿ

ನ್ಯಾಮತಿಯಲ್ಲಿ ಹೆರಿಗೆಯಾದ ಮನೆಗಳಿಗೆ ಹೋಗಿ ಕೂಸುಗಳಿಗೆ ಎಣ್ಣೆ ತಿಕ್ಕಿ ನೀರೆರೆಯುವುದು ಹನುಮಂತಮ್ಮನ ಕೆಲಸ. ಬಚ್ಚಲಲ್ಲಿ ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿ, ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ನೀರು ಹೊಯ್ಯುತ್ತಾರೆ. ನನ್ನ ಮಗ ಹುಟ್ಟಿದಾಗಿನಿಂದ ನಮ್ಮ ಮನೆಗೂ ದಿನಾ ಬೆಳಿಗ್ಗೆ ಬರುತ್ತಾರೆ. ಬಾಣಂತನ ತವರಲ್ಲಾಗಬೇಕಿತ್ತು, ಅಮ್ಮನಿಗೆ ಸೊಂಟದ ಆಪರೇಷನ್ ಆಗಿದ್ದರಿಂದ ಗಂಡನ ಮನೆಯಲ್ಲೇ ಆಯಿತು. ನಾನು ಓದಿದ್ದು, ಬೆಳೆದದ್ದು ಬೆಂಗಳೂರಿನಲ್ಲಿ. ಮೊದಮೊದಲು ಬಚ್ಚಲ ಬಾಗಿಲಲ್ಲಿ ಉಸಿರು ಹಿಡಿದು ನಿಂತಿರುತ್ತಿದ್ದೆ. ಕಿವಿಗೆ ನೀರು ಹೋದರೆ? ಬಿಸಿ ಹೆಚ್ಚಾಗಿದ್ದರೆ?

"ಒಳಗೆ ಹೋಗಿ ಮಲಗವ್ವ. ನೀನು ಹಿಂಗೆ ನೋಡಿದ್ರೆ ನೀರೂ ಹೆದರ್ತಾವೆ," ಎನ್ನುತ್ತಿದ್ದರು.

ಎರೆದಾದ ಮೇಲೆ ಇನ್ನೊಂದು ಕೆಲಸವಿತ್ತು. ಸಾಂಬ್ರಾಣಿ ಹೊಗೆ ಹಿಡಿದು, ಬಟ್ಟೆ ಸುತ್ತಿ, ಕೆನ್ನೆಗೊಂದು ಕಾಡಿಗೆ ಬೊಟ್ಟಿಟ್ಟು, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಫೋನನ್ನು ನನ್ನ ಕೈಗೆ ಕೊಡುವರು. "ಒಂದು ಹೊಡಿಯವ್ವ." ಫೋಟೊದಲ್ಲಿ ಹನುಮಂತಮ್ಮ ಬಾಯ್ತುಂಬ ನಗುತ್ತಾರೆ. ಅದು ಅವರ ಅವತ್ತಿನ ವಾಟ್ಸಾಪ್ ಸ್ಟೇಟಸ್. ನನ್ನ ಮಗುವಿನ ಮುಖವನ್ನು ಊರೆಲ್ಲ ನೋಡುವುದು ನನಗೆ ಸರಿಬರುತ್ತಿರಲಿಲ್ಲ. ಯಾರು ನೋಡುತ್ತಾರೋ, ಅದನ್ನು ಏನು ಮಾಡಿಕೊಳ್ಳುತ್ತಾರೋ. ಹೇಳಲು ಬಾಯಿ ಬರಲಿಲ್ಲ. ಕಾಡಿಗೆ ಇಟ್ಟ ಮೇಲೆ ಇನ್ನೇನು ಭಯ ಎನ್ನುವುದು ಅವರ ಲೆಕ್ಕ.

ಆಮೇಲೆ ಕಾಫಿ ಕುಡಿಯುತ್ತಾ ಯಾರು ಯಾರು ನೋಡಿದರೆಂದು ತೆಗೆದು ನೋಡುವರು. ಓದು ಬರದು, ಹೆಸರಿನ ಪಕ್ಕದ ಚಿತ್ರದಿಂದಲೇ ಗುರುತು. ಮಲ್ಲಿಗೆ ಹೂವಿನ ಚಿತ್ರ ಕಂಡರೆ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುವರು. ಅದು ಅವರ ಮಗಳು ಗಂಗೋತ್ರಿ.

ಗಂಗೋತ್ರಿಯನ್ನು ಜಗಳೂರಿಗೆ ಕೊಟ್ಟಿದ್ದಾರೆ. ಅವಳಿಗೂ ಗಂಡು ಮಗು. ನನ್ನ ಮಗನಿಗೂ ಅದಕ್ಕೂ ಹೆಚ್ಚೆಂದರೆ ಒಂದು ವಾರದ ಅಂತರ. ತವರಿಗೆ ಕರೆತರುವ ಮೊದಲೇ, ದಿನ ತುಂಬದೆ, ಅಲ್ಲಿಯೇ ಹೆರಿಗೆಯಾಯಿತು. ಪ್ರಯಾಣ ಬೇಡ ಎಂದರು ಡಾಕ್ಟರು. ಗಂಗೋತ್ರಿ ಫೋನು ಮಾಡಿ ಅವ್ವನನ್ನೇ ಅಲ್ಲಿಗೆ ಕರೆದಳು. ಆದರೆ ಹನುಮಂತಮ್ಮ ಎಲೆ ಅಡಿಕೆ ತೆಗೆದುಕೊಂಡು ನಮ್ಮ ಅತ್ತೆಗೆ ಒಪ್ಪಿಗೆ ಕೊಟ್ಟಾಗಿತ್ತು. ಕೈ ಹಚ್ಚಿದ ಕೂಸನ್ನು ತಿಂಗಳು ತುಂಬುವ ಮೊದಲು ಬಿಟ್ಟು ಹೋದರೆ ಕೂಸಿಗೆ ಆಗಿಬರುವುದಿಲ್ಲ ಎಂದು ಅವರ ನಂಬಿಕೆ. ತಿಂಗಳಾದ ಮೇಲೆ ಬರ್ತೀನಿ ಎಂದರಂತೆ.

"ಊರ ಕೂಸಿಗೆಲ್ಲ ಎರೀತೀಯ, ನನ್ನ ಕೂಸಿಗೆ ಬರಾಕೆ ಆಗಲ್ಲ. ಹಂಗಾದ್ರೆ ಬರಲೇಬ್ಯಾಡ," ಎಂದಳಂತೆ ಮಗಳು.

ಬರಬೇಡ ಎಂದವಳೇ ಬಾ ಎನ್ನಲಿ ಎಂದು ತಾಯಿ ಕೂತರು. ಅವಳು ಅನ್ನಲಿಲ್ಲ. ಮೊಮ್ಮಗನಿಗೆ ನಾಲ್ಕು ತಿಂಗಳು ತುಂಬಿದರೂ ಅವರು ಅವನ ಮುಖ ಕಂಡಿರಲಿಲ್ಲ. ಇದನ್ನೆಲ್ಲ ಅತ್ತೆ ನನಗೆ ಹೇಳಿದ್ದು ತೀರಾ ಈಚೆಗೆ. ಕೇಳಿದಾಗ ನನಗೆ ಏನೂ ಅನ್ನಿಸಲಿಲ್ಲ. ಹೆರಿಗೆಯಾದ ಮೇಲೆ ನನಗೆ ಮಗುವಿನ ಜ್ವರ, ಮಗುವಿನ ನಿದ್ದೆ ಬಿಟ್ಟರೆ ಬೇರೆ ಯಾವುದೂ ಒಳಗೆ ಇಳಿಯುತ್ತಿರಲಿಲ್ಲ.

ಒಂದು ಭಾನುವಾರ ನನ್ನ ನಾದಿನಿ ಅರ್ಪಿತಾ ಮನೆಯಲ್ಲಿದ್ದಳು. ಹೊನ್ನಾಳಿಯ ಕಾಲೇಜಿಗೆ ಹೋಗುವ ಹುಡುಗಿ. ಅಲ್ಲಿ ಆಗ ಒಂದೇ ಹುಚ್ಚು: ಯಾರದಾದರೂ ಸ್ಟೇಟಸ್‌ಗಳನ್ನು ಫೋನಿನಲ್ಲಿರುವ ಎಐಗೆ ಕೊಟ್ಟರೆ, ಆ ಮನುಷ್ಯ ಎಂಥವನು ಎಂದು ಅದು ತಮಾಷೆಯಾಗಿ ಬರೆದುಕೊಡುತ್ತದೆ. ನನ್ನ ಗಂಡನದು ಬಂತು: "ಟ್ರ್ಯಾಕ್ಟರ್ ಪಕ್ಕ ನಿಂತಾಗ ಮಾತ್ರ ನಗುವ ಗಂಡಸು." ನನ್ನದು: "ಮಗು ಸೀನಿದರೆ ಮೂವರು ಡಾಕ್ಟರಿಗೆ ಫೋನು ಮಾಡುವ ತಾಯಿ."

"ಸುಳ್ಳು, ಇಬ್ಬರಿಗೆ," ಎಂದೆ.

"ಮೂರನೆಯವ್ರು ಎತ್ತಿರಲ್ಲ ಬಿಡಿ ಅತ್ತಿಗೆ," ಎಂದಳು ಅರ್ಪಿತಾ.

ಮಗುವಿಗೆ ಬಟ್ಟೆ ಸುತ್ತುತ್ತಿದ್ದ ಹನುಮಂತಮ್ಮ, "ನಂದೂ ಹೇಳ್ಸವ್ವ. ನಿನ್ನ ಫೋನು ನನ್ನ ಏನಂತೈತೆ ನೋಡಾಣ," ಎಂದರು. ಸ್ಟೇಟಸ್ ಒಂದು ದಿನಕ್ಕೆ ಅಳಿದು ಹೋದರೂ ತೆಗೆದ ಫೋಟೊಗಳೆಲ್ಲ ಅವರ ಫೋನಿನಲ್ಲಿದ್ದವು. ಅರ್ಪಿತಾ ಅವನ್ನು ಹಾಕಿ, ಬಂದದ್ದನ್ನು ಗಟ್ಟಿಯಾಗಿ ಓದಿದಳು.

"ಇವರು ಮನೆ ತುಂಬ ಮೊಮ್ಮಕ್ಕಳಿರುವ ಅಜ್ಜಿ. ತೊಡೆ ಖಾಲಿ ಇದ್ದ ದಿನವೇ ಇಲ್ಲ. ಬೇಕಾದವರೆಲ್ಲ ಹತ್ತಿರವೇ ಇದ್ದಾರೆ. ಯಾರ ದಾರಿಯನ್ನೂ ಕಾಯುತ್ತಿಲ್ಲ. ಕೊರತೆ ಏನಿದ್ದರೂ ಹಲ್ಲಿನದು ಮಾತ್ರ!"

ಹಲ್ಲಿನ ಮಾತಿಗೆ ಎಲ್ಲರೂ ನಕ್ಕೆವು. ಹನುಮಂತಮ್ಮನೂ ನಕ್ಕರು. ಆಮೇಲೆ, "ಇನ್ನೊಂದ್ಸಲ ಓದು," ಎಂದರು. ಅರ್ಪಿತಾ ಓದಿದಳು.

"ಯಾರ ದಾರಿನೂ ಕಾಯ್ತಿಲ್ಲ ಅಂತ ಐತಾ?"

"ತಮಾಷೆಗೆ ದೊಡ್ಡವ್ವ. ಫೋನಿಗೇನು ಗೊತ್ತು?"

"ಫೋಟೊ ನೋಡೇ ಹೇಳ್ತಲ್ಲ."

"ಹೂಂ."

"ಗಂಗೀನೂ ಫೋಟೊನೇ ಅಲ್ವಾ ನೋಡಿರೋದು."

ಅರ್ಪಿತಾ ಫೋನು ಕೆಳಗಿಟ್ಟಳು. ಹನುಮಂತಮ್ಮ ಬಟ್ಟೆಯ ತುದಿಯನ್ನು ಬಿಡಿಸಿ ಮತ್ತೆ ಸಿಕ್ಕಿಸಿದರು. "ಅವ್ವ ಸೊರಗ್ಯಾಳೆ ಅಂತ ಗಂಗಿ ಅವಳ ಅತ್ತೆ ಮನೇರ ಮುಂದೆ ಸಣ್ಣಾಗಬಾರ್ದು, ಅದಕ್ಕೇ ನಗ್ತಿದ್ದೆ," ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ. ಆ ದಿನ ಫೋಟೊ ತೆಗೆಸಲಿಲ್ಲ.

ಮರುದಿನ ಎರೆದಾದ ಮೇಲೆ ಕೂಸನ್ನು ಟವೆಲ್ಲಿನಲ್ಲಿ ಸುತ್ತಿ ನನಗೆ ಕೊಟ್ಟರು. ತಾವು ಮಣೆಯಿಂದ ಏಳಲಿಲ್ಲ. ಮಂಡಿವರೆಗೆ ಒದ್ದೆ ಸೀರೆ, ಚಾಚಿದ ಕಾಲು.

"ಹಿಂಗೇ ಒಂದು ಹೊಡಿ. ಮುಖ ಬ್ಯಾಡ. ಕಾಲು ಅಷ್ಟೇ."

ಒಂದು ಕೈಯಲ್ಲಿ ಮಗು ಹಿಡಿದು, ಇನ್ನೊಂದರಲ್ಲಿ ತೆಗೆದು ಸ್ಟೇಟಸ್ ಹಾಕಿದೆ. ಎಣ್ಣೆ ಬಟ್ಟಲು, ಒದ್ದೆ ನೆಲ, ಎರಡು ಕಾಲು. ಅವರು ಅಲ್ಲೇ ಕೂತಿದ್ದರು. ನಾನು ಮಗನ ತಲೆ ಒರೆಸಿ ಮುಗಿಸುವಷ್ಟರಲ್ಲಿ ಫೋನು ಬಂತು. ಮಲ್ಲಿಗೆ ಹೂವು.

"ಒತ್ತವ್ವ, ನನ್ನ ಕೈ ಎಣ್ಣೆ," ಎಂದರು. ಸ್ಪೀಕರ್ ಹಾಕಿ ಹಿಡಿದೆ.

"ಅವ್ವ, ಕಾಲಿಗೇನಾತು?" ಗಂಗೋತ್ರಿಯ ದನಿ ನಾನು ಕೇಳಿದ್ದು ಅದೇ ಮೊದಲು.

"ಏನೂ ಆಗಿಲ್ಲ."

"ಬಚ್ಚಲಾಗೆ ಬಿದ್ಯಾ? ಸುಳ್ಳು ಹೇಳಬ್ಯಾಡ. ಊತ ಬಂದಂಗೈತೆ."

"ಅದು ಮೊದ್ಲಿಂದ ಹಂಗೇ ಕಣೆ. ಖಾಲಿ ಅದಾವೆ ಅಂತ ಹಾಕಿದೆ."

ಆ ಕಡೆ ಒಂದು ಕೂಸು ಗಂಟಲಲ್ಲಿ ಏನೋ ಅಂದಿತು. ಹನುಮಂತಮ್ಮ ಫೋನಿನ ಕಡೆ ಕತ್ತು ಚಾಚಿದರು.

"ಎರೆಯೋರು ಯಾರು?"

"ನಾನೇ. ನಮ್ಮತ್ತೆಗೆ ಮಂಡಿ ಮಡಚಾಕೆ ಬರಲ್ಲ. ಟಬ್ಬಿನಾಗೆ ಹಾಕಿ ಎರೀತೀನಿ."

"ಟಬ್ಬಿನಾಗಾ?"

"ಮತ್ತೆ ಇನ್ನೆಲ್ಲಿ? ನನಗ್ಯಾರು ಹೇಳಿಕೊಟ್ಟಾರೆ?"

ಹನುಮಂತಮ್ಮ ಎಣ್ಣೆ ಕೈಯನ್ನು ಸೀರೆಗೆ ಒರೆಸಿದರು, ಮತ್ತೆ ಒರೆಸಿದರು. ಗಂಗೋತ್ರಿಯೇ ಕೇಳಿದಳು: "ನೀ ಬಂದ್ರೆ ಆ ಮನೆ ಕೂಸಿಗೆ ಎರೆಯೋರು ಯಾರು?"

ಅವರು ನನ್ನನ್ನು ನೋಡಿದರು. ಒದ್ದೆ ಮಗು ಕೈಯಿಂದ ಜಾರುವುದು ಕಣ್ಣ ಮುಂದೆ ಬಂತು. ಕಿವಿಗೆ ನೀರು, ಮೂಗಿಗೆ ನೀರು, ಎಲ್ಲವೂ ಬಂತು.

"ನಾನೇ ಎರ್ಕೊಳ್ತೀನಿ," ಎಂದೆ. ದನಿ ಬೇರೆ ಯಾರದೋ ಅನ್ನಿಸಿತು.

ಗಂಗೋತ್ರಿಗೆ ಕೇಳಿಸಿರಬೇಕು. ಬಾ ಎನ್ನಲಿಲ್ಲ. "ದಾವಣಗೆರೆಯಾಗೆ ಇಳಿದು ಬ್ಯಾರೆ ಬಸ್ ಹಿಡೀಬೇಕು. ಸಂಜೆ ಮಾಡ್ಕಬ್ಯಾಡ," ಎಂದು ಇಟ್ಟುಬಿಟ್ಟಳು.

ಹನುಮಂತಮ್ಮ ಅಳುತ್ತಾರೆಂದುಕೊಂಡೆ. ಅಳಲಿಲ್ಲ.

"ಕಾಲು ಜೋಮು ಹಿಡಿದಾವೆ. ಎಬ್ಬಿಸವ್ವ," ಎಂದರು.

ಮಗುವನ್ನು ಹೆಗಲಿಗೆ ಹಾಕಿಕೊಂಡು ಕೈ ಕೊಟ್ಟೆ.