ಹಿಂಡಿದ ಬಾಟಲಿಗಳು

ಮುರುಗೆಪ್ಪನವರಿಗೆ ಬಾಟಲಿ ಬಿಟ್ಟರೆ ಬೇರೆ ಪ್ರಪಂಚವಿಲ್ಲ. ಮದುವೆಗೆ ಹೋದರೂ ವಧುವಿಗಿಂತ ಮೊದಲು ಮೇಜಿನ ಕೆಳಗೆ ಉರುಳಿದ ನೀರಿನ ಬಾಟಲಿಗಳ ಮೇಲೆ ಅವರ ಕಣ್ಣು. ಇಂಡಿ ಕಡೆಯಿಂದ ಪುಣೆಗೆ ಬಂದು, ಸೋದರಮಾವನ ರದ್ದಿ ಅಂಗಡಿಯಲ್ಲಿ ಬೆಳೆದು, ಮಗರಪಟ್ಟಾದ ಹಿಂದೆ ಸ್ವಂತ ಶೆಡ್ ಹಾಕಿದವರು. ಹಳೆಯ ಬಾಟಲಿಗಳನ್ನು ತೊಳೆದು, ಚೂರು ಮಾಡಿ, ದಿಂಬಿನ ಹತ್ತಿ ಮಾಡುವವರಿಗೆ ಮಾರುತ್ತಿದ್ದರು. ಅವರ ಆಫೀಸಿನಲ್ಲಿ ಕೂತು ಕಾಗದಪತ್ರ ನೋಡುವವನು ನಾನು. ಅವರ ಮೇಲೆ ಸಿಟ್ಟಾಗುವಷ್ಟು ಸಲಿಗೆ ನನಗಿದೆ.

ಈ ಶೆಡ್ಡಿಗೆ ಮೊದಲ ಚೀಲ ತಂದವಳು ಶಿವಗಂಗವ್ವ. ಸುತ್ತಲಿನ ರಸ್ತೆಗಳಲ್ಲಿ ಬಾಟಲಿ ಆರಿಸುವುದು ಅವಳ ಕಸುಬು. ಗಟಾರಕ್ಕೆ ಬಿದ್ದದ್ದನ್ನು ಮುಟ್ಟುತ್ತಿರಲಿಲ್ಲ. ಉಳಿದವರು ಬಾಟಲಿಯನ್ನು ತುಳಿದು ಚಪ್ಪಟೆ ಮಾಡಿದರೆ ಇವಳು ಒದ್ದೆ ಸೀರೆ ಹಿಂಡಿದಂತೆ ಹಿಂಡಿ, ಮುಚ್ಚಳ ಬಿಗಿಯುತ್ತಿದ್ದಳು. ಕೇಳಿದರೆ, "ನೀರು ಕೊಟ್ಟದ್ದನ್ನ ತುಳೀಬಾರದ್ರಿ" ಎನ್ನುತ್ತಿದ್ದಳು.

ಆಮೇಲೆ ಕಾನೂನು ಬಂತು. ಹೊಸ ನೀರಿನ ಬಾಟಲಿಯಲ್ಲಿ ಹಳೆಯ ಬಾಟಲಿಯ ಪ್ಲಾಸ್ಟಿಕ್ ಇಷ್ಟು ಪಾಲು ಇರಲೇಬೇಕಂತೆ. ಒಳ್ಳೆಯದೇ. ಆದರೆ ದೊಡ್ಡ ದೊಡ್ಡ ಕಂಪನಿಗಳೆಲ್ಲ ಹಳೆಯ ಬಾಟಲಿಗೆ ಮುಗಿಬಿದ್ದು, ದಿಂಬಿನವರು ಕೊಡುವ ದರಕ್ಕೆ ಒಂದು ಬಾಟಲಿಯೂ ಸಿಗದಂತಾಯಿತು. ಮುರುಗೆಪ್ಪ ಹಳೆಯ ಯಂತ್ರ ಕಿತ್ತುಹಾಕಿ, ಕುಡಿಯುವ ಬಾಟಲಿಗೆ ಆಗುವಷ್ಟು ಶುದ್ಧವಾಗಿ ತೊಳೆಯುವ ಹೊಸದನ್ನು ಹಾಕಿಸಿದರು. ಈಗ ನೀರಿನ ಕಂಪನಿ ನಮ್ಮ ಮಾಲು ಒಪ್ಪಿದರೆ ಶೆಡ್ ಉಳಿಯುತ್ತದೆ, ಇಲ್ಲವಾದರೆ ಬೀಗ. ಹಿಂದೆ ಹೋಗಲು ದಾರಿಯೇ ಇರಲಿಲ್ಲ.

ಮೊದಲ ಮಾಲು ತೊಳೆಯುವ ದಿನ ಶಿವಗಂಗವ್ವ ಜೇಜುರಿಯ ಗುಡಿಯಿಂದ ಸೆರಗಿನಲ್ಲಿ ಕಟ್ಟಿಕೊಂಡು ಭಂಡಾರ ತಂದಿದ್ದಳು. ಇಬ್ಬರ ಮನೆದೇವರೂ ಮೈಲಾರಲಿಂಗನೇ. ಮುರುಗೆಪ್ಪ "ಏಳುಕೋಟಿಗೋ!" ಎಂದು ಆ ಅರಿಶಿನದ ಪುಡಿಯನ್ನು ಬೊಗಸೆ ತುಂಬ ಎರಚಿದರು. ಯಂತ್ರಕ್ಕೆ ತಾಗಿದ್ದಕ್ಕಿಂತ ಬಿಸಿನೀರಿನ ಟ್ಯಾಂಕಿಗೆ ಬಿದ್ದದ್ದೇ ಹೆಚ್ಚು. ಕಾಸ್ಟಿಕ್ ಸೋಡಾದ ನೀರು ಒಮ್ಮೆಲೇ ಆರತಿಯ ನೀರಿನ ಹಾಗೆ ಕೆಂಪಾಯಿತು. ಬೇರೆ ಯಾರಾದರೂ ಆಗಿದ್ದರೆ ಆ ನೀರು ಚೆಲ್ಲುತ್ತಿದ್ದರು. ನಮ್ಮವರು ಶುಭವಾಯಿತೆಂದು ಕೈಮುಗಿದು ಬಾಟಲಿ ಚೂರುಗಳನ್ನು ಅದೇ ನೀರಿಗೆ ಸುರಿದರು!

ವಾರದ ನಂತರ ಕಂಪನಿಯ ಪರೀಕ್ಷಕ ಮಧುಕರ್ ಬಂದ. ಬೆಂಗಳೂರಿನ ಹುಡುಗ, ಒಳ್ಳೆಯವನು.

"ಸರ್, ಸ್ಯಾಂಪಲ್‌ನಲ್ಲಿ ಕಲರ್ ಬಂದಿದೆ. ರೋಡಲ್ಲಿ ಆರಿಸಿದ ಬಾಟಲ್‌ನಿಂದ ತಾನೇ? ಹಾಗಿದ್ರೆ ಸಿಂಪಲ್. ಅವ್ರ ಹತ್ರ ತಗೊಳ್ಳೋದು ನಿಲ್ಲಿಸಿ, ಅಪಾರ್ಟ್‌ಮೆಂಟ್ ಮಾಲು ಹಾಕಿ, ಇನ್ನೊಂದು ಚಾನ್ಸ್ ಕೊಡ್ತೀನಿ. ತಪ್ಪು ನಿಮ್ಮ ಪ್ಲಾಂಟ್ ಒಳಗೇ ಆಗಿದ್ರೆ ಮಾತ್ರ ನನ್ನ ಕೈಲಿ ಏನೂ ಇಲ್ಲ, ರಿಜೆಕ್ಟ್."

ಆ ಬಣ್ಣ ಭಂಡಾರದ್ದೆಂದು ಮುರುಗೆಪ್ಪನವರಿಗೂ ಗೊತ್ತು, ನನಗೂ ಗೊತ್ತು. ನಿಜ ಹೇಳಿದರೆ ಶೆಡ್ ಹೋಯಿತು. ಸುಳ್ಳು ಹೇಳಿದರೆ ಶಿವಗಂಗವ್ವನ ಅನ್ನ ಹೋಯಿತು. ಅವಳು ಅಲ್ಲೇ ಬಾಗಿಲಲ್ಲಿ ಚೀಲ ಇಳಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಹೌದ್ರಿ ಸಾಹೇಬ್ರ," ಎಂದಳು. "ನಾವು ಗಟಾರದಾಗಿನವೂ ಆರಿಸ್ತೀವ್ರಿ. ಅಣ್ಣಾರಿಗೆ ಏನ್ ಗೊತ್ತು?"

ಮುರುಗೆಪ್ಪ ಅಲ್ಲವೆನ್ನಬೇಕಿತ್ತು. ಕೆಮ್ಮಿದರು, ಅಷ್ಟೇ. ನನಗೆ ಎದ್ದು ಅವರ ಭುಜ ಹಿಡಿದು ಅಲುಗಾಡಿಸಬೇಕೆನ್ನಿಸಿತು.

ಮಧುಕರ್ ಹೋದ ಮೇಲೆ ಮುರುಗೆಪ್ಪ ಗೇಟಿನ ತನಕ ಅವಳ ಹಿಂದೆ ಓಡಿದರು. "ಹಂಗ್ಯಾಕ ಅಂದಿ, ಶಿವಗಂಗವ್ವಾ?"

"ಭಂಡಾರ ತಂದಾಕಿ ನಾನ ಅಲ್ರಿ? ಮೈಲಾರಪ್ಪನ ಹೆಸರು ಯಾಕ ಕೆಡಸೋದು? ಒಂದೆಂಟು ದಿನ ಮಾಲು ಬ್ಯಾರೆ ಕಡೆ ಹಾಕ್ತೀನ್ರಿ, ಆಮ್ಯಾಲ ಬರ್ತೀನಿ."

ಎಂಟು ದಿನದ ಮಾತಲ್ಲ, ಇನ್ನು ಯಾವತ್ತೂ ಬರುವಂತಿಲ್ಲ ಎಂದು ಮುರುಗೆಪ್ಪನವರಿಗೆ ಗೊತ್ತಿತ್ತು. ಆದರೂ ತಲೆಯಾಡಿಸಿದರು. ಅವಳು ನಂಬಿಕೊಂಡು ಹೋದಳು, ನಂಬಿಕೊಂಡೇ ಮತ್ತೆ ಬಂದಳು. ಗೇಟಿನ ಸದ್ದಿಗೆ ಮುರುಗೆಪ್ಪ ಟ್ಯಾಂಕಿನ ಹಿಂದೆ ಸರಿದು ನಿಂತು, ನನಗೆ ಕೈಸನ್ನೆ ಮಾಡಿದರು. ಇನ್ನು ಮಾಲು ತರಬೇಡ ಎಂದು ಹೇಳಿದವನು ನಾನು. ಅವಳು ಬೈಯಲಿಲ್ಲ. ಚೀಲವನ್ನು ಮತ್ತೆ ಹೆಗಲಿಗೇರಿಸಿಕೊಂಡು, "ಅಣ್ಣಾರು ಆರಾಮ ಅದಾರಲ್ರಿ?" ಎಂದು ಕೇಳಿ ಹೋದಳು.

ಮುಂದಿನ ಪರೀಕ್ಷೆಗೆ ಅಪಾರ್ಟ್‌ಮೆಂಟ್ ಕಸದ ಗುತ್ತಿಗೆದಾರ ಬಸವಪ್ರಭು ಮಾಲು ತಂದ. ಮಧುಕರನ ಎದುರಿಗೇ ಒತ್ತಿ ಕಟ್ಟಿದ ಮೂಟೆಯ ತಂತಿ ಕತ್ತರಿಸಿದರು. ಬಾಟಲಿಗಳು ನೆಲದ ಮೇಲೆ ಹರಡಿದವು. ಅರ್ಧಕ್ಕರ್ಧ ಬಾಟಲಿಗಳು ಒದ್ದೆ ಸೀರೆಯಂತೆ ಹಿಂಡಿ, ಮುಚ್ಚಳ ಬಿಗಿದಂಥವು. ಶಿವಗಂಗವ್ವನ ಮಾಲನ್ನೇ ಆತ ಅಗ್ಗದ ದರಕ್ಕೆ ಕೊಂಡು, ಅಪಾರ್ಟ್‌ಮೆಂಟಿನ ಹೆಸರು ಹಚ್ಚಿ ನಮಗೆ ಮಾರುತ್ತಿದ್ದ. ನಾನು ಮುರುಗೆಪ್ಪನವರ ಮುಖ ನೋಡಿದೆ. ರಸ್ತೆಯ ಮಾಲು ಎಂದು ಬಾಯಿಬಿಟ್ಟರೆ ಇಂದೇ ಬೀಗ. ಅವರು ಒಂದು ಬಾಟಲಿ ಎತ್ತಿಕೊಂಡು ಹಿಂಡಿದ್ದನ್ನು ಬಿಡಿಸಲು ನೋಡಿದರು. ಬಿಗಿ ಸಡಿಲವಾಗಲಿಲ್ಲ.

"ವಿಮಾನ ನಗರದ ಅಪಾರ್ಟ್‌ಮೆಂಟಿನವು ಸಾಹೇಬ್ರ," ಎಂದ ಬಸವಪ್ರಭು. "ಗಟಾರದ್ದು ಒಂದೂ ಇಲ್ಲ."

"ಖರೆ," ಎಂದರು ಮುರುಗೆಪ್ಪ. "ಆಕಿ ಗಟಾರದ್ದು ಎಂದೂ ಆರಿಸಿಲ್ಲ."

ಮಧುಕರ್ ತಲೆಯೆತ್ತಿದ. "ಯಾರು ಸರ್?"

"ಯಾರಿಲ್ಲ ಬಿಡ್ರಿ," ಎಂದು ಮುರುಗೆಪ್ಪ ಯಂತ್ರ ಚಾಲೂ ಮಾಡಿ, ಕೈಯಲ್ಲಿದ್ದ ಬಾಟಲಿಯನ್ನು ತಾವೇ ಅದರೊಳಗೆ ಹಾಕಿದರು.