ಯಾಕೆ ಬಿಟ್ಟು ಹೆಂಗೆ ಎಂದು ಕೇಳಿದವರು

ದ್ವೇಷಕ್ಕೆ ಹೊಡೆದವರ, ಆಸೆಗೆ ಕದ್ದವರ ಮನಸ್ಸನ್ನು ಬಿಡಿಸಿ ಹೇಳಬಲ್ಲವರು ನಮ್ಮ ಜಿಲ್ಲೆಯಲ್ಲಿ ಹಲವರಿದ್ದಾರೆ. ಗುರುತಿಲ್ಲದವರ ಮೇಲೆ ಕಾರಣವಿಲ್ಲದೆ ಕೈಯೆತ್ತಿದವರ ಎದುರು ತಾಳ್ಮೆಯಿಂದ ಕೂತು, ಅವರನ್ನು ಮತ್ತೆ ನಾಲ್ಕು ಜನರ ನಡುವೆ ತಂದು ನಿಲ್ಲಿಸುವ ಕೆಲಸಕ್ಕೆ ಸೇವೆಯ ಬಹುಪಾಲನ್ನು ಕೊಟ್ಟವರು, ಈಗ ನಿವೃತ್ತರಾಗುತ್ತಿರುವ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಶ್ರೀಮತಿ ನೇತ್ರಾವತಿಯವರು. ಆ ಕೆಲಸವನ್ನು ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮಾಲೀಕರಾದ ಕರಿಬಸವರಾಜರಷ್ಟು ಅನುಮಾನದಿಂದ ನೋಡಿದವರು ಬೇರೊಬ್ಬರಿಲ್ಲ.

ಕಡರನಾಯಕನಹಳ್ಳಿಯ ವೀರೇಶ್ ಹರಿಹರದ ಬಸ್ ನಿಲ್ದಾಣದಲ್ಲಿ, ಹೆಸರೂ ಗೊತ್ತಿಲ್ಲದ ಇಮ್ರಾನ್ ಎಂಬವರ ತಲೆಗೆ ಕಲ್ಲಿನಿಂದ ಹೊಡೆದಿದ್ದ. ಅವರಿಗೆ ಒಂದು ಕಿವಿ ಕೇಳದಂತಾಯಿತು. ಯಾಕೆ ಹೊಡೆದೆ ಎಂದವರಿಗೆಲ್ಲ ಒಂದೇ ಮಾತು: "ಸುಮ್ನೆ." ಶಿಕ್ಷೆ ಮುಗಿಯುವ ಹೊತ್ತಿಗೆ ಕಾರಣಗಳು ಹುಟ್ಟಿಕೊಂಡವು. ಕುಡಿದಿದ್ದೆ ಎಂದ, ಅವನೇ ಗುರಾಯಿಸಿದ ಎಂದ. ನೇತ್ರಾವತಿಯವರು ಒಂದನ್ನೂ ನಂಬಲಿಲ್ಲ.

"ಇದನ್ನ ಯಾರು ಹೇಳಿಕೊಟ್ರಪ್ಪ? ಯಾಕ ಅನ್ನೋದು ಬ್ಯಾಡ. ಹೆಂಗೆ ಬಂತು, ಅದನ್ನ ಹೇಳು."

ಬಹಳ ದಿನದ ಮೇಲೆ ವೀರೇಶ್ ಬಾಯಿಬಿಟ್ಟ. ಮೊದಲು ಸುತ್ತಲ ಸದ್ದು ದೂರವಾಗುತ್ತದೆ, ಆಮೇಲೆ ಬೆರಳು ಬಿಗಿಯುತ್ತವೆ. ಮನೋವೈದ್ಯರ ಚಿಕಿತ್ಸೆಯ ಜೊತೆಗೆ ನೇತ್ರಾವತಿಯವರು ಒಂದು ಅಭ್ಯಾಸ ಕಲಿಸಿದರು: ಹಾಗಾದ ಕೂಡಲೇ ಕೈಯಲ್ಲಿದ್ದುದನ್ನು ಕೆಳಗಿಟ್ಟು, ಹತ್ತಿರದವರಿಗೆ ಕೂಗಿ ಹೇಳಿ, ದೂರ ಹೋಗಿ ಕೂರಬೇಕು.

ಅವನಿಗೆ ಕೆಲಸ ಕೇಳಲು ಅವರು ಭಟ್ಟಿಗೆ ಬಂದಾಗ ಕರಿಬಸವರಾಜರು ಹುಬ್ಬು ಗಂಟಿಕ್ಕಿದರು. "ಅಕ್ಕಾರೆ, ಸಿಟ್ಟಿಗೆ ಹೊಡ್ದೋನಾದ್ರೆ ಸಿಟ್ಟು ಬರದಂಗೆ ನೋಡ್ಕಬಹುದು. ಸುಮ್ನೆ ಹೊಡ್ದೋನ್ನ ಹೆಂಗ್ರೀ ನಂಬ್ಲಿ?"

"ನಂಬಬ್ಯಾಡ್ರಿ. ಕೆಲಸ ಕೊಡ್ರಿ."

ಕೊಟ್ಟರು. ಕೊಟ್ಟು, ಕಬ್ಬಿಣದ ಸಲಾಕೆಗಳನ್ನು ಒಳಗಿಟ್ಟು ಬೀಗ ಹಾಕಿದರು. ಅವನಿಗೆ ಬೆನ್ನು ತೋರಿಸದೆ ಓಡಾಡಿದರು. ಒಂದು ಮಧ್ಯಾಹ್ನ, ಪಕ್ಕದಲ್ಲೇ ಮಂಡಕ್ಕಿ ಹುರಿಯುವ ಮರಳು ಕೆಂಡದಂತೆ ಕಾದಿರುವಾಗ, ವೀರೇಶ್ ಜರಡಿ ಕೆಳಗಿಟ್ಟು ಕೂಗಿದ: "ಸಾವ್ಕಾರ್ರೆ, ಅದು ಬಂತು. ದೂರ ಸರೀರಿ!" ಕೂಗಿದವನೇ ಹೊರಗೋಡಿ ಗೋಡೆಗೆ ಒರಗಿ ಕೂತ. ಕೆಲಸದವರೆಲ್ಲ ಚದುರಿದರು.

ಫೋನಿಗೆ ಓಗೊಟ್ಟು ಹರಿಹರದಿಂದ ಓಡಿಬಂದ ನೇತ್ರಾವತಿಯವರಿಗೆ ಕರಿಬಸವರಾಜರು ಬಾಗಿಲಲ್ಲೇ ಅಂದರು, "ನೋಡಿದ್ರಾ? ಇವತ್ತೇ ಕಳಿಸ್ತೀನಿ."

"ಹೇಳಿದ್ದಕ್ಕೆ ಕಳಿಸಿದ್ರೆ, ಮುಂದಿನ ಸಲ ಹೇಳಂಗಿಲ್ಲ ಅವ್ನು. ಹೊಡೆಯೋಕೆ ಮುಂಚೆ ಹೇಳಿದೋರ್ನ ಎಷ್ಟು ಜನ ನೋಡೀರಿ ನೀವು?"

ಕರಿಬಸವರಾಜರು ಗೋಡೆಯ ಕಡೆ ತಿರುಗಿ ನೋಡಿದರು. ವೀರೇಶನ ಕೈಗಳು ಮೊಣಕಾಲ ನಡುವೆ ಸಿಕ್ಕಿಸಿದಂತಿದ್ದವು. ಅವನನ್ನು ಕಳಿಸಲಿಲ್ಲ, ನಂಬಲೂ ಇಲ್ಲ. ಮರುದಿನ ಎಲ್ಲರೆದುರಿಗೇ ಕೇಳಿದರು, "ಇವತ್ತು ಹೆಂಗೈತೋ?" "ನೆಟ್ಟಗೈತ್ರಿ." ಅಂದಿನಿಂದ ಅದೇ ರೂಢಿ. ನೆಟ್ಟಗಿಲ್ಲದ ದಿನ ವೀರೇಶ್ ತಾನಾಗಿಯೇ ಗೇಟಿನಾಚೆ ನಿಲ್ಲುತ್ತಾನೆ. ಇಮ್ರಾನ್ ಅವರು ಅವನ ಮುಖ ನೋಡಲು ಒಪ್ಪಲಿಲ್ಲ. ಅದು ಅವರ ಹಕ್ಕೆಂದು ನೇತ್ರಾವತಿಯವರು ಒತ್ತಾಯಿಸಲೂ ಇಲ್ಲ.

ಬೀಳ್ಕೊಡುಗೆಯ ದಿನ ಕರಿಬಸವರಾಜರು ಹಾರ ಹಿಡಿದು ನಿಂತೇ ಕೇಳಿದರು, "ನೀವು ಹೋದಮ್ಯಾಲೆ ನನಗೆ ಅನುಮಾನ ಬಂದ್ರೆ?"

"ಬರ್ಲಿ ಬಿಡ್ರಿ. ಅವನ ಬೆನ್ನ ಹಿಂದೆ ಇಟ್ಕಬ್ಯಾಡ್ರಿ, ಮುಖದ ಮುಂದೆ ಇಡ್ರಿ."

ಹರಿಹರೇಶ್ವರನು ಈ ತಾಯಿಗೆ ತುಂಬು ಆಯುಷ್ಯವನ್ನು, ನಡೆಯುವ ಕಾಲನ್ನು, ಕೇಳುವ ಕಿವಿಯನ್ನು ಕೊಡಲಿ. ಕಚೇರಿಯ ಕುರ್ಚಿ ಬಿಟ್ಟ ಮೇಲೂ ಅವರು ಬಹುಕಾಲ ನಮ್ಮಂಥ ಅನುಮಾನಸ್ಥರ ನಡುವೆ ಬಂದು ಕೂರುತ್ತಿರಲಿ.