ಕೆಂಚನ ಪಾದಯಾತ್ರೆ

ಮೊನ್ನೆ ಭಾನುವಾರ ಬಾಗಿಲ ಸಂದಿಯ ಕಸ ಗುಡಿಸುತ್ತಿದ್ದಾಗ ಒಂದು ಬಿದಿರು ಕೋಲು ಧೊಪ್ಪನೆ ನನ್ನ ಪಾದದ ಮೇಲೆ ಬಿತ್ತು. ನೋವಿಗೆ ಒಂದು ಸುತ್ತು ಕುಣಿದು, ಆಮೇಲೆ ಅದನ್ನು ಕೈಗೆತ್ತಿಕೊಂಡು ನೋಡಿದೆ. ಹಿಡಿಯ ಕಡೆ ನುಣುಪಾಗಿದೆ. ನೆಲಕ್ಕೆ ಊರುವ ಕಡೆ ಮಾತ್ರ ತುಂಬ ಹಲ್ಲಿನ ಗುರುತು. ನಾಯಿಯ ಹಲ್ಲು. ನೀವು ತಪ್ಪು ತಿಳಿಯಬೇಡಿ, ನಾನು ಯಾವ ನಾಯಿಯನ್ನೂ ಹೊಡೆದವನಲ್ಲ. ಹೊಡೆಯುವಷ್ಟು ಹತ್ತಿರ ಹೋಗುವ ಧೈರ್ಯವಿದ್ದಿದ್ದರೆ ಕೋಲನ್ನೇ ಕೊಳ್ಳುತ್ತಿರಲಿಲ್ಲ.

ಅದನ್ನು ಕೊಂಡದ್ದು ಕೊಳ್ಳೇಗಾಲದ ಸಂತೆಯಲ್ಲಿ. ಆಗಷ್ಟೇ ನನಗೆ ಹನೂರಿಗೆ ವರ್ಗವಾಗಿತ್ತು, ಆಗಷ್ಟೇ ಸಕ್ಕರೆ ಕಾಯಿಲೆಯೂ ಪತ್ತೆಯಾಗಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಇದು ನೆಪಕ್ಕೆ. ನಿಜವಾದ ಔಷಧ ನಡಿಗೆ. ದಿನಾ ಬೆಳಿಗ್ಗೆ ನಡೀರಿ" ಎಂದರು. ನಡೆಯಲು ನನ್ನ ಅಭ್ಯಂತರವೇನೂ ಇರಲಿಲ್ಲ. ಆದರೆ ಬೆಳಗಿನ ಹೊತ್ತು ಊರಿನ ಬೀದಿಗಳು ಯಾರ ವಶದಲ್ಲಿರುತ್ತವೆ ಎಂಬುದು ಡಾಕ್ಟರಿಗೆ ಗೊತ್ತಿರಲಿಲ್ಲ. ಕೋಲು ಮಾರುವವನು, "ಯಾಕ್ ಸಾ, ದನ ಸಾಕಿದ್ದೀರಾ?" ಎಂದ. ಇಲ್ಲ, ನಾಯಿಗೆ ಎಂದೆ. "ನಾಯಿ ಸಾಕಿದ್ದೀರಾ?" ಎಂದ. "ಇಲ್ಲಪ್ಪ, ಬೇರೆಯವರು ಸಾಕಿದ್ದಾರೆ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಇನ್ನೂ ಉದ್ದದ ಕೋಲೊಂದನ್ನು ಆರಿಸಿಕೊಟ್ಟ.

ಹನೂರಿನ ಹೊರಗೆ, ಮಾದಪ್ಪನ ಬೆಟ್ಟದ ರಸ್ತೆಗೆ ಅಂಟಿಕೊಂಡಂತಿದ್ದ ಒಂದು ಹಳ್ಳಿಯಲ್ಲಿ ಬಾಡಿಗೆ ಮನೆ ಸಿಕ್ಕಿತು. ಮನೆಯ ಒಡತಿ ಮಾದಮ್ಮ. ಅರುವತ್ತು ದಾಟಿದ, ದನಿಯಲ್ಲಿ ಮಾತ್ರ ಇನ್ನೂ ಮೂವತ್ತರ ಜೋರಿದ್ದ ಹೆಂಗಸು. ಮುಂಗಡ, ನೀರು, ಕರೆಂಟು ಎಲ್ಲ ಮಾತಾಡಿದ ಮೇಲೆ ಜಗಲಿಯ ಕೆಳಗಿನಿಂದ ಎರಡು ನಾಯಿಗಳು ಎದ್ದು ಮೈಮುರಿದವು. ಒಂದು ಕೆಂಪಗಿನ ಗಂಡು, ಕೆಂಚ. ಇನ್ನೊಂದು ಬೂದು ಬಿಳುಪಿನ ಹೆಣ್ಣು, ಬೆಳ್ಳಿ. ನಾನು ಕೋಲನ್ನು ಮುಂದೆ ಹಿಡಿದೆ.

"ಕೋಲ್ ತೋರಿಸ್ಬ್ಯಾಡಿ ಸಾ" ಎಂದರು ಮಾದಮ್ಮ. "ಆಟ ಆಡ್ಸೋಕೆ ಬಂದವ್ರೆ ಅನ್ಕತವೆ."

ಅಂದುಕೊಂಡೂಬಿಟ್ಟವು. ಕೆಂಚ ಕೋಲಿನ ಆ ತುದಿ ಹಿಡಿದು ಎಳೆದ. ನಾನು ಈ ತುದಿ ಬಿಡಲಿಲ್ಲ. ಅದು ಧೈರ್ಯದಿಂದ ಅಲ್ಲ, ಬೆರಳು ಬಿಚ್ಚಿಕೊಳ್ಳಲಿಲ್ಲ ಅಷ್ಟೆ. ಹಾಗೆ ನಮ್ಮ ಪರಿಚಯವಾಯಿತು.

ಮಾದಮ್ಮನದೂ ಅದೇ ಡಾಕ್ಟರು. ನನಗೆ ನಡೀರಿ ಎಂದಿದ್ದ ಅವರು ಮಾದಮ್ಮನಿಗೆ ಜಾಸ್ತಿ ನಡೀಬೇಡಿ ಎಂದಿದ್ದರು, ಮಂಡಿ ಸವೆದಿತ್ತು. ಆದರೂ ಆಕೆ ದಿನಾ ಬೆಳಿಗ್ಗೆ ನಾಯಿಗಳನ್ನು ಕರೆದುಕೊಂಡು ಕೆರೆ ಏರಿಯ ತುದಿಯ ಹುಣಸೆ ಮರದವರೆಗೆ ಹೋಗಿ ಬರುತ್ತಿದ್ದರು. ನನ್ನನ್ನೂ ಜೊತೆಗೆ ಸೇರಿಸಿಕೊಂಡರು. ನಡೆಯಲೇಬೇಕಾದವನು, ನಡೆಯಲೇಬಾರದವರು, ಎರಡು ನಾಯಿ. ಹೀಗೆ ನಮ್ಮ ಮೆರವಣಿಗೆ ಹೊರಡುತ್ತಿತ್ತು.

ಆ ಏರಿಯ ಮೇಲಿನ ಬೆಳಗನ್ನು ನಿಮಗೆ ಹೇಗೆ ಹೇಳಲಿ. ಬಲಕ್ಕೆ ಕೆರೆ, ಎಡಕ್ಕೆ ಜೋಳದ ಹೊಲ, ಎದುರಿಗೆ ಒಂದರ ಹಿಂದೆ ಒಂದು ಬೆಟ್ಟ. ಬೆಳ್ಳಿ ಯಾವಾಗಲೂ ಮುಂದೆ, ಕೆಂಚ ಯಾವಾಗಲೂ ಹಿಂದೆ. ಹಿಂದೆ ಉಳಿಯುವುದು ವಿನಯದಿಂದಲ್ಲ. ಅವನಿಗೆ ಪ್ರತಿ ಕಲ್ಲಿನ ಹತ್ತಿರವೂ ಕಚೇರಿ ಕೆಲಸವಿರುತ್ತಿತ್ತು. ನಾನು ಸರ್ವೆ ಇಲಾಖೆಯವನು, ಜನರ ಗಡಿ ಅಳೆದೇ ಹೊಟ್ಟೆ ಹೊರೆದವನು. ಆದರೆ ಕೆಂಚ ಗುರುತು ಮಾಡಿದ ಗಡಿಯ ಮೇಲೆ ಒಂದು ತಕರಾರು ಅರ್ಜಿಯೂ ಬಂದದ್ದು ನಾನು ಕಾಣೆ. ತೂಬಿನ ಹತ್ತಿರ ಇಬ್ಬರೂ ನೀರಿಗೆ ಹಾರುತ್ತಿದ್ದರು, ನೀರುಕೋಳಿಗಳು ಬೈದುಕೊಂಡು ಏಳುತ್ತಿದ್ದವು. ಮೈ ಕೊಡವುವುದಕ್ಕೆ ಮಾತ್ರ ಅಷ್ಟು ದೊಡ್ಡ ಏರಿಯಲ್ಲಿ ನನ್ನ ಒಗೆದ ಪಂಚೆಯ ಪಕ್ಕವೇ ಆಗಬೇಕು.

ಹುಣಸೆ ಮರದ ಬುಡದಲ್ಲಿ ಕೂತು ಮಾದಮ್ಮ ಮಂಡಿ ನೀವಿಕೊಳ್ಳುತ್ತಿದ್ದರು. ಒಂದು ದಿನ ಕೇಳಿಯೇಬಿಟ್ಟೆ, "ಡಾಕ್ಟರು ಬೇಡ ಅಂದರೂ ಯಾಕಮ್ಮ ಈ ಹಟ?"

"ಅಭ್ಯಾಸ ಮಾಡ್ಕತಾ ಇವ್ನಿ ಸಾ" ಎಂದು ಬೆಟ್ಟದ ಕಡೆ ಗದ್ದ ಎತ್ತಿ ತೋರಿಸಿದರು. "ನನ್ ಮಗಳು ಎರಿಗೇಲಿ ಬೋ ಕಷ್ಟ ಪಟ್ಲು. ಆಸ್ಪತ್ರೆ ಬಾಗಿಲಲ್ಲಿ ನಿಂತ್ಕಂಡು, ತಾಯಿ ಮಗು ಎಲ್ಡೂ ಉಳೀಲಿ ಮಾದಪ್ಪ, ಮನೆ ಬಾಗಿಲಿಂದ ನಿನ್ ಬೆಟ್ಟಕ್ಕೆ ನಡ್ಕಂಡು ಬತ್ತೀನಿ ಅಂದೆ. ಮೊಮ್ಮಗಳು ಈಗ ಇಸ್ಕೂಲ್ಗೆ ಓಯ್ತಾವ್ಳೆ. ನಾನಿನ್ನೂ ಈ ಉಣ್ಸೇಮರ ದಾಟಿಲ್ಲ."

ಕಷ್ಟ ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದರು. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಅದು ಇಮ್ಮಡಿಯಾಯಿತು. ಪ್ರತಿ ಅಮಾವಾಸ್ಯೆಗೆ ಬೀದಿಯ ಹೆಂಗಸರೆಲ್ಲ ತಲೆಗೆ ಹೂ ಮುಡಿದು ಬೆಟ್ಟದ ಬಸ್ಸು ಹತ್ತುವರು, ಲಾಡು ತಂದು ಮಾದಮ್ಮನ ಕೈಗೂ ಒಂದು ಚೂರು ಇಡುವರು. ಮಾದಮ್ಮ ಮಾತ್ರ ಹತ್ತುವಂತಿಲ್ಲ. ನಡೆದು ಬರುತ್ತೇನೆಂದು ದೇವರಿಗೆ ಮಾತು ಕೊಟ್ಟವರು ಆ ಮಾತು ತೀರುವ ತನಕ ಬೆಟ್ಟದ ದಾರಿಯಲ್ಲಿ ಗಾಡಿ ಹತ್ತಬಾರದು. "ಎಲ್ರಿಗೂ ಸಿಕ್ತಾನೆ, ನಂಗೊಬ್ಳಿಗೆ ಇಲ್ಲ. ನನ್ ಬಾಯೇ ನಂಗೆ ಬೇಲಿ ಆಗೋಯ್ತು" ಎನ್ನುತ್ತಿದ್ದರು. ಹೇಳುವಾಗ ನಗುತ್ತಿದ್ದರು, ಆದರೆ ಆ ನಗು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಶಿವರಾತ್ರಿ ಹತ್ತಿರ ಬಂದಾಗ ನಮ್ಮ ರಸ್ತೆಯ ತುಂಬ ಪಾದಯಾತ್ರೆಯವರು. ಗುಂಪು ಗುಂಪಾಗಿ, ಬರಿಗಾಲಲ್ಲಿ, 'ಉಘೇ ಮಾದಪ್ಪ' ಎನ್ನುತ್ತ ನಡೆದು ಬರುವರು. ದಾರಿಯ ಮನೆಗಳವರು ಕೈಲಾದದ್ದು ಕೊಡುವುದು ರೂಢಿ. ಮಾದಮ್ಮ ಬಾಗಿಲಲ್ಲಿ ಮಜ್ಜಿಗೆಯ ಕೊಳದಪ್ಪಲೆ ಇಟ್ಟುಕೊಂಡು, ಬಂದವರಿಗೆಲ್ಲ ಲೋಟ ತುಂಬಿಸಿ, "ನನ್ ಪರವಾಗಿ ಒಂದ್ ಕೈ ಮುಗೀರಪ್ಪ" ಎಂದು ಕಳಿಸುತ್ತಿದ್ದರು. ಕೆಂಚ ಪಕ್ಕದಲ್ಲೇ ಕೂತು ಚೆಲ್ಲಿದ ಮಜ್ಜಿಗೆಯ ಲೆಕ್ಕ ನೋಡಿಕೊಳ್ಳುತ್ತಿದ್ದ.

ಅಂಥ ಒಂದು ಬೆಳಿಗ್ಗೆ ಕೆರೆಗೆ ಹೊರಟಾಗ ಕೆಂಚ ಇಲ್ಲ. ಬೆಳ್ಳಿ ರಸ್ತೆಯ ಮಧ್ಯೆ ನಿಂತು ಬೆಟ್ಟದ ದಿಕ್ಕಿಗೆ ಬೊಗಳುತ್ತಿದ್ದಳು. ಕೆರೆ, ಹೊಲ, ಶಾಲೆಯ ಹಿಂಭಾಗ ಎಲ್ಲ ಹುಡುಕಿ ಟೀ ಅಂಗಡಿಗೆ ಬಂದಾಗ ಅಂಗಡಿಯವನು ತಲೆ ಕೆರೆದುಕೊಂಡ. "ನಿನ್ನೇನೇ ಒಂದ್ ಗುಂಪಿನ ಜೊತೆ ಓಯ್ತಾ ಇತ್ತು ಸಾ. ನೀವ್ ಯಾರಾನಾ ಮುಂದೆ ಓಯ್ತಿರಬೇಕು ಅನ್ಕಂಡು ಸುಮ್ನಾದೆ."

ಮಾದಮ್ಮ ಜಗಲಿಯ ಮೇಲೆ ಕೂತುಬಿಟ್ಟರು. ಆ ರಸ್ತೆಯಲ್ಲಿ ಲಾರಿಗಳು, ಮುಂದೆ ಕಾಡು, ಕಾಡಿನಲ್ಲಿ ಚಿರತೆ. ನನಗೆ ಅಂದು ರಜೆ. ಸ್ಕೂಟರ್ ತೆಗೆದು, "ಹತ್ತಿ ಅಮ್ಮ, ಹೋಗಿ ಕರೆದುಕೊಂಡು ಬರೋಣ" ಎಂದೆ. ಆಕೆ ಎದ್ದರು, ಸ್ಕೂಟರಿನವರೆಗೆ ಬಂದರು, ಸೀಟಿನ ಮೇಲೆ ಕೈಯಿಟ್ಟರು. ಆಮೇಲೆ ಕೈ ತೆಗೆದರು.

"ನಾನ್ ಗಾಡಿ ಅತ್ತಾಕಿಲ್ಲ ಸಾ. ಮಾತು ಕೊಟ್ಟಿವ್ನಿ" ಎಂದರು. ಕಣ್ಣಲ್ಲಿ ನೀರಿತ್ತು. "ನೀವೇ ಓಗ್ಬನ್ನಿ. ಕೋಲು ತಕಂಡೋಗಿ, ಕೋಲು ಕಂಡ್ರೆ ಓಡ್ಬತ್ತಾನೆ."

ನಾಯಿ ಕಂಡರೆ ಬೀದಿ ಬದಲಿಸುತ್ತಿದ್ದವನು ನಾಯಿಯನ್ನು ಹುಡುಕಿಕೊಂಡು ಕೌದಳ್ಳಿ ದಾಟಿದೆ. ದಾರಿಯುದ್ದಕ್ಕೂ ಸ್ಕೂಟರ್ ನಿಲ್ಲಿಸಿ ಕೆಂಪು ನಾಯಿ ನೋಡಿದಿರಾ ಎಂದು ಕೇಳುವುದು. ನೋಡಿದವರು ಬೇಕಾದಷ್ಟು ಜನ ಇದ್ದರು, ತಡೆದವರು ಒಬ್ಬರೂ ಇಲ್ಲ. ಕೊನೆಗೆ ಬೆಟ್ಟದ ಬುಡದ ತಾಳಬೆಟ್ಟದಲ್ಲಿ ಒಂದು ಮರದ ನೆರಳಲ್ಲಿ ಸಿಕ್ಕಿದ. ಗುಂಪಿನವರು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅವರ ನಡುವೆ ಕೆಂಚ, ಹಣೆಯ ಮೇಲೆ ಮೂರು ಗೆರೆ ವಿಭೂತಿ, ಕೊರಳಲ್ಲಿ ಚೆಂಡುಹೂವು, ಮುಂದೆ ಎಲೆಯಲ್ಲಿ ಉಪ್ಪಿಟ್ಟು. ನನ್ನನ್ನು ನೋಡಿ ಬಾಲ ಆಡಿಸಿದ, ಎದ್ದು ಮಾತ್ರ ಬರಲಿಲ್ಲ. ಎಲೆಯಲ್ಲಿ ಇನ್ನೂ ಉಪ್ಪಿಟ್ಟಿತ್ತು.

ಇದು ನಮ್ಮ ನಾಯಿ, ಕರೆದುಕೊಂಡು ಹೋಗಲು ಬಂದೆ ಎಂದೆ. ಗುಂಪಿನ ಹಿರಿಯ, ಸಿದ್ದಣ್ಣ ಎಂಬಾತ, ಎಣ್ಣೆಯ ಕೈ ಒರೆಸಿಕೊಂಡು ನನ್ನನ್ನು ಕನಿಕರದಿಂದ ನೋಡಿದ. "ಮಜ್ಜಿಗೆ ಕೊಟ್ಟ ಮನೆ ಬಾಗಿಲಿಂದ್ಲೇ ನಮ್ ಇಂದೆ ಬಂತು ಸಾ, ನಾವೂ ಯಾರೋ ಮುಂದಿನ ಗುಂಪಿನೋರ್ದು ಅನ್ಕಂಡ್ವಿ. ಯಾರ್ದೂ ಅಲ್ಲ ಅಂತ ಗೊತ್ತಾದ್ ಮೇಲೆ, ಇದ್ಕೇನೋ ಅರಕೆ ಅದೆ ಅನ್ಕಂಡು ನಮ್ಜೊತೇಲೇ ಉಣ್ಣಾಕಿಟ್ವಿ. ಈಗ ತಿರುಗ್ಸಾಕಾಯ್ತದಾ? ದಾರಿ ಇಡ್ದಿರೋ ಜೀವಾನ ಮೆಟ್ಲತ್ರದಿಂದ ವಾಪಸ್ ಕಳ್ಸಬಾರ್ದು."

ನಾನು ಮಾದಮ್ಮನಿಗೆ ಫೋನು ಮಾಡಿದೆ. ಹರಕೆ, ವಿಭೂತಿ, ಉಪ್ಪಿಟ್ಟು ಎಲ್ಲ ಹೇಳಿದೆ. ಮಾದಮ್ಮ ಕೇಳಿದರು, "ಮನೆ ಬಾಗಿಲಿಂದ್ಲೇ ಒಂಟಿದ್ದಾ ಅವ್ನು?"

"ಹೌದಮ್ಮ, ನಿಮ್ಮ ಮಜ್ಜಿಗೆ ಕುಡಿದ ಗುಂಪೇ."

"ಗಾಡಿ ಗೀಡಿ ಅತ್ಸಿಲ್ವಾ?"

ಸಿದ್ದಣ್ಣನನ್ನು ಕೇಳಿದೆ. ಅವನು ಕಿವಿ ಮುಟ್ಟಿಕೊಂಡ. "ಇಲ್ವಂತೆ, ಪೂರ್ತಿ ನಡೆದಿದ್ದಾನೆ" ಎಂದೆ.

"ಅಂಗಾರೆ ಕರ್ಕಂಬರ್ಬ್ಯಾಡಿ ಸಾ" ಎಂದರು ಮಾದಮ್ಮ. "ಮ್ಯಾಕೆ ಅತ್ಲಿ. ನೀವೂ ಜೊತೇಲಿ ಓಗಿ."

ಕೆರೆ ಏರಿಯ ತುದಿಗೇ ಏದುಸಿರು ಬಿಡುತ್ತಿದ್ದವನು ಸ್ಕೂಟರನ್ನು ಅಂಗಡಿಯ ಮುಂದೆ ನಿಲ್ಲಿಸಿ, ಚಪ್ಪಲಿ ಕಳಚಿಟ್ಟು ಮೆಟ್ಟಿಲು ಹತ್ತಿದೆ. ಒಂದು ಗಂಟೆಯಲ್ಲಿ ನನ್ನ ಮಂಡಿಯೂ ಮಾದಮ್ಮನ ಮಂಡಿಯ ಭಾಷೆ ಮಾತಾಡತೊಡಗಿತು. ಕೆಂಚ ಅಂದು ಒಂದು ಕಲ್ಲನ್ನೂ ಮೂಸಲಿಲ್ಲ. ಮುಂದೆ ಓಡುವನು, ತಿರುವಿನಲ್ಲಿ ನಿಂತು ಕಾಯುವನು, ನಾನು ತಲುಪಿದರೆ ಕೋಲಿನ ತುದಿ ಕಚ್ಚಿ ಎಳೆಯುವನು. ನಾಯಿಯನ್ನು ದೂರವಿಡಲೆಂದು ಕೊಂಡ ಕೋಲಿನಿಂದಲೇ ಈಗ ನಾಯಿ ನನ್ನನ್ನು ಬೆಟ್ಟ ಹತ್ತಿಸುತ್ತಿತ್ತು. ಮೇಲೆ ತಲುಪಿ ತಿರುಗಿ ನೋಡಿದರೆ ಬೆಟ್ಟದ ಹಿಂದೆ ಬೆಟ್ಟ, ಎಲ್ಲೋ ದೂರದಲ್ಲಿ ಸಂಜೆಯ ಬಿಸಿಲಿಗೆ ಹೊಳೆಯುವ ಒಂದು ಚೂರು ನೀರು. ನಮ್ಮ ಕೆರೆಯಾಗಿರಲಿಕ್ಕಿಲ್ಲ. ಆದರೂ ಅದೇ ಎಂದುಕೊಂಡೆ. ಅಷ್ಟು ಸಂತೋಷ ನನಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ. ದೇವಸ್ಥಾನದ ಒಳಗೆ ಕೆಂಚನಿಗೆ ಪ್ರವೇಶವಿರಲಿಲ್ಲ. ನಾನು ವಿಭೂತಿ ತಂದು ಅವನ ಹಣೆಗೆ ಹಚ್ಚಿದೆ. ನಾಯಿಯ ತಲೆ ಮುಟ್ಟಿದ್ದು ಅದೇ ಮೊದಲು ಎಂದು ಆಮೇಲೆ ಹೊಳೆಯಿತು.

ಮಾರನೆಯ ದಿನ ತಾಳಬೆಟ್ಟಕ್ಕೆ ಇಳಿದು, ಸ್ಕೂಟರಿನಲ್ಲಿ ನನ್ನ ಕಾಲುಗಳ ನಡುವೆ ಅವನನ್ನು ಕೂರಿಸಿಕೊಂಡು ಬಂದೆ. ಮಾದಮ್ಮ ಬಾಗಿಲಲ್ಲಿ ತಂಬಿಗೆ ನೀರು ಹಿಡಿದು ಕಾಯುತ್ತಿದ್ದರು. ನನ್ನ ಕಾಲಿಗೆ ಎಂದುಕೊಂಡು ಕಾಲು ಮುಂದೆ ಮಾಡಿದೆ. ಆಕೆ ನನ್ನನ್ನು ದಾಟಿ ಹೋಗಿ ಕೆಂಚನ ಕಾಲು ತೊಳೆದರು, ಒಂದೊಂದನ್ನೇ, ಬೆರಳ ಸಂದಿ ಬಿಡದೆ. ಬೀದಿಯ ಹೆಂಗಸರು ಸೇರಿದ್ದರು. ನಾಯಿ ಹೋಗಿ ಬಂದರೆ ನಿನ್ನ ಹರಕೆ ತೀರಿತೇ ಎಂದು ಒಬ್ಬಳು ಸಂಶಯ ಎತ್ತಿದಳು.

"ನಮ್ಮನೆ ಅನ್ನ ಉಂಡೋನು, ನಮ್ಮನೆ ಬಾಗಿಲಿಂದ ಒಂಟೋನು" ಎಂದರು ಮಾದಮ್ಮ. "ನಾನಾಗಿದ್ರೆ ಎಲ್ಡು ಕಾಲಲ್ಲಿ ಓಗ್ತಿದ್ದೆ. ಇವ್ನು ನಾಕ್ ಕಾಲಲ್ಲಿ ಓಗ್ಬಂದವ್ನೆ. ಮಾದಪ್ಪ ಇನ್ನೇನ್ ಕೇಳಾನು?"

ಮುಂದಿನ ಅಮಾವಾಸ್ಯೆಗೆ ಮಾದಮ್ಮ ಹೊಸ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ಊರು ದಾಟುವ ತನಕ ಕಂಡಕಂಡವರಿಗೆಲ್ಲ ಕೈ ಬೀಸಿದರು.

ಆಮೇಲೆ ನನಗೆ ಯಳಂದೂರಿಗೆ ವರ್ಗವಾಯಿತು. ಇಲ್ಲೂ ಕೆರೆಗಳಿವೆ, ಕಣ್ಣೆತ್ತಿದರೆ ಬಿಳಿಗಿರಿ ಬೆಟ್ಟವಿದೆ. ನಡಿಗೆ ಮಾತ್ರ ನಾಳೆ ನಾಡಿದ್ದು ಎನ್ನುತ್ತ ನಿಂತೇಹೋಗಿತ್ತು, ಸಕ್ಕರೆ ಮತ್ತೆ ಏರಿತ್ತು. ಮೊನ್ನೆ ಕೋಲು ಪಾದದ ಮೇಲೆ ಬಿದ್ದಾಗ ಮನಸ್ಸು ತಡೆಯದೆ ಮಾದಮ್ಮನಿಗೆ ಫೋನು ಹಚ್ಚಿದೆ. ಆ ಕಡೆ ಬಸ್ಸಿನ ಸದ್ದು, ಕಂಡಕ್ಟರನ ಸೀಟಿ.

"ಬೆಟ್ಟಕ್ ಓಯ್ತಾ ಇವ್ನಿ ಸಾ. ಕೆಂಚನೂ ಅವ್ನೆ, ಕಾಲತ್ರ ಮಲ್ಗವ್ನೆ. ಅವ್ನಿಗೂ ವಯಸ್ಸಾಯ್ತು, ನಡ್ಯಕಾಗಕಿಲ್ಲ. ಅದ್ಕೇ ಅವ್ನಿಗೆ ಟಿಕೆಟ್ ತಗ್ಸಿದ್ದೀನಿ."

"ನಾಯಿಗೂ ಟಿಕೆಟ್ಟೇ?"

"ಊಂ ಮತ್ತೆ. ನಂಗೆ ಫ್ರೀ. ಅವ್ನು ಗಂಡಸಲ್ವಾ ಸಾ." ಬಸ್ಸಿನಲ್ಲಿ ಯಾರೋ ನಕ್ಕದ್ದು ಕೇಳಿಸಿತು. "ನೀವ್ ದಿನಾ ನಡೀತಾ ಇದ್ದೀರಾ ತಾನೆ?"

"ನಡೀತಾ ಇದ್ದೀನಿ ಅಮ್ಮ" ಎಂದೆ.

ಫೋನಿಟ್ಟು, ಹೇಳಿದ ಮಾತು ಸುಳ್ಳಾಗದಿರಲಿ ಎಂದು ಆಗಲೇ ಚಪ್ಪಲಿ ಮೆಟ್ಟಿ, ಕೋಲು ಹಿಡಿದು ಹೊರಗೆ ಬಂದೆ. ಗೇಟಿನ ಎದುರು ಮಲಗಿರುತ್ತಿದ್ದ ಕಂದು ನಾಯಿ, ಇಷ್ಟು ದಿನ ನಾನು ಸುತ್ತಿ ಬಳಸಿ ದಾಟುತ್ತಿದ್ದುದು, ತಲೆಯೆತ್ತಿ ನೋಡಿತು. ನಾನು ಕೋಲಿನ ತುದಿಯನ್ನು ಅದರ ಮುಂದೆ ಚಾಚಿದೆ.